ಒಲೆಯ ಮುಂದಿನ ರಸಾಯನಶಾಸ್ತ್ರ

(ಮುಂಬಯಿಯಲ್ಲಿ ರಾತ್ರಿಶಾಲೆಯ ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ನಮ್ಮ ಸಂಘವು ಏರ್ಪಡಿಸಿದ್ದ ಕೂಟದಲ್ಲಿ ಮಾಡಿದ ಭಾಷಣ)



ದಿನವೆಲ್ಲ ಹೋಟೆಲಿನಲ್ಲಿ ನಿಂತು ದುಡಿದು, ಕಣ್ಣಿಗೆ ನಿದ್ದೆ ಎಳೆಯುತ್ತಿದ್ದರೂ ಪುಸ್ತಕ ಹಿಡಿದು ಬಂದಿದ್ದೀರಿ. ನಿಮ್ಮ ಹೊತ್ತನ್ನು ವ್ಯರ್ಥ ಮಾಡುವ ಇಚ್ಛೆ ನಮಗಿಲ್ಲ. ಗಣಿತ ಹೇಗೋ ಆದೀತು, ಕನ್ನಡ ಆದೀತು, ಈ ರಸಾಯನಶಾಸ್ತ್ರ ಮಾತ್ರ ತಲೆಗೆ ಹತ್ತುವುದಿಲ್ಲ ಎಂದು ನಿಮ್ಮಲ್ಲಿ ಹಲವರು ಹೇಳುತ್ತೀರಿ. ನಾವು ಹೇಳುವುದಿಷ್ಟೇ: ಈ ಶಾಸ್ತ್ರವೆಂದರೆ ಒಂದು ಜಮಾಖರ್ಚಿನ ಪುಸ್ತಕ. ಗಲ್ಲಾದ ಲೆಕ್ಕ ಬಲ್ಲವನಿಗೆ ಇದು ಅಸಾಧ್ಯವಲ್ಲ.

ಮೊದಲನೆಯ ಪಾಠ, ಬದಲಾವಣೆ. ನೀರು ಕುದಿದು ಆವಿಯಾಗುತ್ತದೆ. ಆವಿ ಮುಚ್ಚಳಕ್ಕೆ ತಾಗಿ ಮತ್ತೆ ನೀರಾಗುತ್ತದೆ. ಸಕ್ಕರೆ ನೀರಿನಲ್ಲಿ ಕರಗುತ್ತದೆ. ನೀರನ್ನು ಆರಿಸಿದರೆ ಸಕ್ಕರೆ ಮರಳಿ ಸಿಗುತ್ತದೆ. ಇಲ್ಲಿ ಹೊಸ ಪದಾರ್ಥ ಹುಟ್ಟಲಿಲ್ಲ. ಇದು ಭೌತ ಬದಲಾವಣೆ. ಅದೇ ಸಕ್ಕರೆ ಬಾಣಲೆಯಲ್ಲಿ ಸೀದು ಕರಿಯಾದರೆ ಅದನ್ನು ಮತ್ತೆ ಸಕ್ಕರೆ ಮಾಡಲು ಯಾವ ಭಟ್ಟರಿಂದಲೂ ಆಗದು. ಇದು ರಾಸಾಯನಿಕ ಬದಲಾವಣೆ. ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಬೆಳಿಗ್ಗೆ ಉಕ್ಕಿ ಹುಳಿಯಾಗುವುದೂ ಇದೇ ಜಾತಿ. ಕಣ್ಣಿಗೆ ಕಾಣದ ಜೀವಾಣುಗಳು ಹಿಟ್ಟಿನ ಸಕ್ಕರೆಯಂಶವನ್ನು ಆಮ್ಲವನ್ನಾಗಿಯೂ ಇಂಗಾಲದ ಡೈಆಕ್ಸೈಡ್ ಅನಿಲವನ್ನಾಗಿಯೂ ಮಾರ್ಪಡಿಸುತ್ತವೆ.

ಎರಡನೆಯದು, ಲೆಕ್ಕ. ಇದ್ದಿಲು ಉರಿದು ಹಿಡಿ ಬೂದಿಯಾಯಿತು. ಉಳಿದದ್ದು ಎಲ್ಲಿ ಹೋಯಿತು? ಏನೂ ನಾಶವಾಗಲಿಲ್ಲ. ಫ್ರಾನ್ಸಿನ ಲಾವಾಸಿಯೆ ಎಂಬ ವಿಜ್ಞಾನಿ 18ನೆಯ ಶತಮಾನದಲ್ಲಿ ತಕ್ಕಡಿ ಹಿಡಿದು ಇದನ್ನು ಸ್ಥಾಪಿಸಿದನು. ಕ್ರಿಯೆಗೆ ಮುಂಚಿನ ತೂಕ ಎಷ್ಟೋ ಕ್ರಿಯೆಯ ನಂತರದ ತೂಕವೂ ಅಷ್ಟೇ. 12 ಗ್ರಾಂ ಇಂಗಾಲ ಪೂರ್ತಿಯಾಗಿ ಉರಿಯಲು 32 ಗ್ರಾಂ ಆಮ್ಲಜನಕ ಬೇಕು. ಹುಟ್ಟುವುದು 44 ಗ್ರಾಂ ಇಂಗಾಲದ ಡೈಆಕ್ಸೈಡ್. ಜಮಾ 44, ಖರ್ಚು 44.

ಮೋಲ್ ಎಂಬ ಮಾತಿಗೂ ಹೆದರಬೇಡಿ. ಬಾಳೆಹಣ್ಣನ್ನು ಡಜನ್ನಿನಲ್ಲಿ ಎಣಿಸುವ ಹಾಗೆ ಪರಮಾಣುಗಳನ್ನು ಮೋಲಿನಲ್ಲಿ ಎಣಿಸುತ್ತಾರೆ. ಡಜನ್ ಎಂದರೆ 12. ಮೋಲ್ ಎಂದರೆ 6.022 × 10ರ 23ನೆಯ ಘಾತದಷ್ಟು ಕಣಗಳು. ಅಷ್ಟು ಇಂಗಾಲದ ಪರಮಾಣುಗಳು ಸೇರಿದರೆ ತೂಕ 12 ಗ್ರಾಂ.

ಸಮೀಕರಣ ಸರಿದೂಗಿಸುವಾಗ ಹಲವರು ಒಂದೇ ತಪ್ಪು ಮಾಡುತ್ತಾರೆ. ಸೂತ್ರದ ಒಳಗಿನ ಅಂಕೆಯನ್ನು ತಿದ್ದುತ್ತಾರೆ. ಹಾಗೆ ಮಾಡಬಾರದು, ಸೂತ್ರದ ಮುಂದಿಡುವ ಅಂಕೆಯನ್ನು ಮಾತ್ರ ಬದಲಿಸಬೇಕು. ನೀರಿನ ಅಣುವಿನಲ್ಲಿ ಜಲಜನಕ ಎರಡು, ಆಮ್ಲಜನಕ ಒಂದು. ಲೆಕ್ಕ ಕೂಡಿಬರಲೆಂದು ಆಮ್ಲಜನಕವನ್ನು ಎರಡು ಮಾಡಿದಿರೋ, ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಗಿರಣಿಗಳಲ್ಲಿ ಬಟ್ಟೆ ಬಿಳುಪು ಮಾಡಲು ಬಳಸುವ ಪದಾರ್ಥ ಅದು! ಎರಡು ಅಣು ಜಲಜನಕ, ಒಂದು ಅಣು ಆಮ್ಲಜನಕ ಸೇರಿ ಎರಡು ಅಣು ನೀರು: ಇದು ಸರಿಯಾದ ಲೆಕ್ಕ.

ಬಂಧುಗಳೇ, ಈ ಲೆಕ್ಕ ಬರಿಯ ಅಂಕಗಳಿಗಾಗಿ ಅಲ್ಲ. ಕೋಣೆ ಮುಚ್ಚಿದೆ, ಗಾಳಿ ಸಾಲದು ಎನ್ನೋಣ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕದ ಬದಲು 16 ಗ್ರಾಂ ಮಾತ್ರ ಸಿಕ್ಕಿದರೆ 28 ಗ್ರಾಂ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಎಚ್ಚರವೇ ತಪ್ಪುತ್ತದೆ. ಚಳಿಗೆ ಇದ್ದಿಲಿನ ಶೆಗಡಿಯನ್ನು ಒಳಗಿಟ್ಟು ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳಲಿಲ್ಲವೆಂಬ ಸುದ್ದಿಯನ್ನು ಉತ್ತರದ ಊರುಗಳಿಂದ ನಾವು ಓದುತ್ತಲೇ ಇದ್ದೇವೆ. ಮಳೆಗಾಲದಲ್ಲಿ ಬಟ್ಟೆ ಒಣಗಲೆಂದು ಆರದ ಭಟ್ಟಿಯ ಪಕ್ಕದಲ್ಲಿ ಕಿಟಕಿ ಮುಚ್ಚಿ ಮಲಗುವ ಹುಡುಗರು ಇದನ್ನು ನೆನಪಿಡಬೇಕು. ಗ್ಯಾಸ್ ಒಲೆಯ ಜ್ವಾಲೆ ನೀಲಿಯಿರಬೇಕು. ಅದು ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿದರೆ ಗಾಳಿ ಸಾಲದೆಂದು ತಿಳಿದು ಬರ್ನರ್ ಸರಿಮಾಡಿಸಿ. ಕಿಟಕಿ ತೆರೆಸಲು ಧಣಿಗಳಲ್ಲಿ ಕೇಳುವುದು ಹಟಮಾರಿತನವಲ್ಲ. ಅದು ಪಠ್ಯಪುಸ್ತಕದಲ್ಲಿರುವ ವಿಷಯ.

ಮೂರನೆಯದು, ಆಮ್ಲ ಮತ್ತು ಪ್ರತ್ಯಾಮ್ಲ. ಶಾಲೆಯಲ್ಲಿ ಲಿಟ್ಮಸ್ ಕಾಗದ ಸಿಗದಿದ್ದರೂ ನಿಮ್ಮ ಹೆಗಲ ಮೇಲಿನ ಟವೆಲು ಸಾಕು. ಅರಿಸಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ, ಏಕೆಂದರೆ ಸಾಬೂನು ಪ್ರತ್ಯಾಮ್ಲೀಯ. ಅದರ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ, ಏಕೆಂದರೆ ನಿಂಬೆ ಆಮ್ಲ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಪಿಎಚ್ ಅಳತೆಯಲ್ಲಿ ಶುದ್ಧ ನೀರು 7. ಅದಕ್ಕೆ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ.

ಇವೆರಡೂ ಸೇರಿದರೆ ಲವಣ ಮತ್ತು ನೀರು, ಇದೇ ತಟಸ್ಥೀಕರಣ. ಗಿರಣಿಯ ಬ್ಲೀಚಿಂಗ್ ಖಾತೆಯಲ್ಲಿದ್ದ ಹಿರಿಯರನ್ನು ಕೇಳಿ. ಬಟ್ಟೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದ ಬಳಿಕ ತೆಳುವಾದ ಆಮ್ಲದಲ್ಲಿ ಅದ್ದಿ, ಉಳಿದ ಕ್ಷಾರವನ್ನು ಕಳೆಯುತ್ತಿದ್ದರು. ಹುಳಿಮೊಸರಿನ ಹಿಟ್ಟಿಗೆ ಅಡಿಗೆ ಸೋಡಾ ಹಾಕಿದಾಗ ಗೋಳಿಬಜೆ ಉಬ್ಬುವುದೂ ಇದೇ ಜಾತಿಯ ಕ್ರಿಯೆಯಿಂದ. ಇಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವೂ ಹೊರಡುತ್ತದೆ.

ಇಲ್ಲಿಯೂ ಒಂದು ಎಚ್ಚರಿಕೆ. ಪಾಯಿಖಾನೆ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬೇಡಿ. ಬೇಗ ಬೆಳ್ಳಗಾದೀತೆಂದು ಕೂಡಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂ ದೇಶದ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದೇ. ಪ್ರಬಲ ಆಮ್ಲವನ್ನು ತೆಳು ಮಾಡುವಾಗ ಆಮ್ಲವನ್ನು ನೀರಿಗೆ ನಿಧಾನವಾಗಿ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಒಮ್ಮೆಲೆ ಕಾದು ಮುಖಕ್ಕೆ ಸಿಡಿದೀತು.

ತಮ್ಮಂದಿರೇ, ದಿನಕ್ಕೆ ಐದು ಸಮೀಕರಣ ಬರೆಯಿರಿ. ಎಡಗಡೆಯ ಪರಮಾಣುಗಳನ್ನು ಎಣಿಸಿ, ಬಲಗಡೆಯದನ್ನು ಎಣಿಸಿ. ತಾಳೆಯಾಗುವ ತನಕ ಬಿಡಬೇಡಿ. ಉರುಹೊಡೆದದ್ದು ಪರೀಕ್ಷೆಯ ದಿನ ಮರೆತೀತು, ಎಣಿಸಿ ತಿಳಿದದ್ದು ಮರೆಯದು. ಮೊದಲ ಸಲ ತಪ್ಪಿದವರು ಲಜ್ಜೆಪಡದೆ ಮತ್ತೆ ಕೂರಲಿ. ಕಲಿತದ್ದನ್ನು ಪಕ್ಕದ ಚಾಪೆಯಲ್ಲಿ ಮಲಗುವ ಗೆಳೆಯನಿಗೂ ಹೇಳಿ. ಅವನು ಪರೀಕ್ಷೆಗೆ ಕೂರದಿದ್ದರೂ ಕಿಟಕಿ ತೆರೆದು ಮಲಗುವಷ್ಟು ರಸಾಯನಶಾಸ್ತ್ರ ಅವನಿಗೂ ಬೇಕು.