ಕೋಳಿಮರಿಗೆ ಕೈತುತ್ತು



ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಕೆಂಗೇರಿಗೆ ಸಮೀಪದಲ್ಲಿರುವ ಉಲ್ಲಾಳ ಒಂದು ಕಾಲಕ್ಕೆ ಕೆರೆಯನ್ನು ನಂಬಿದ್ದ ಹಳ್ಳಿ. (ಕಡಲತೀರದ ಉಳ್ಳಾಲ ಬೇರೆ.) 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡ ಬಳಿಕ ಅದು ನಗರದ ಒಂದು ವಾರ್ಡ್ ಎನಿಸಿತು. ಕೆರೆ ಉಳಿದಿದೆ, ಹೊಲಗಳಿದ್ದೆಡೆ ನಿವೇಶನಗಳೂ ಮನೆಗಳೂ ಎದ್ದಿವೆ. ಇಂಥ ಬಡಾವಣೆಗಳಿಗೆ ಮಲೆನಾಡಿನಿಂದ ಹೋಗಿ ನೆಲೆಸಿದವರೂ ಉಂಟು. ಊರಿನ ನೆನಪಿಗೆಂದು ನಾಲ್ಕಾರು ಕೋಳಿಮರಿಗಳನ್ನು ತಂದು ಸಾಕುವ ಆಸೆ ಅವರಲ್ಲಿ ಆಗಾಗ ಮೂಡುವುದು ಸಹಜ.

ಮಲೆನಾಡಿನ ಸಭೆಯಲ್ಲಿ ಉಲ್ಲಾಳದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಸಿಮೆಂಟಿನ ಅಂಗಳದಲ್ಲಿ ಕೋಳಿಮರಿಗೆ ಯಾವುದು ಇಲ್ಲವಾಗುತ್ತದೆ ಎಂಬುದನ್ನು ನೋಡಿದಾಗ, ಮಣ್ಣಿನ ಅಂಗಳದಲ್ಲಿ ಯಾವುದು ಇದೆ ಎಂಬುದು ಸ್ಪಷ್ಟವಾಗುತ್ತದೆ. ಮರಿಗೆ ಅಕ್ಕರೆಯಿಂದ ಹಾಕುವ ಕೈತುತ್ತು, ಅಂದರೆ ನಿತ್ಯದ ಆಹಾರವಲ್ಲದ ಚೂರುಪಾರು ತಿನಿಸು, ಯಾವಾಗ ಹಿತ, ಯಾವಾಗ ಅಹಿತ ಎಂಬ ವಿಚಾರ ಈ ವ್ಯತ್ಯಾಸದಲ್ಲಿಯೇ ಅಡಗಿದೆ.

ಕಾವಿಗೆ ಕುಳಿತ ಹೇಂಟೆ ಇಪ್ಪತ್ತೊಂದನೆಯ ದಿನದ ಹೊತ್ತಿಗೆ ಮರಿ ಮಾಡುತ್ತದೆ. ಹೊರಬರುವ ಮುನ್ನವೇ ಮರಿಯು ಮೊಟ್ಟೆಯ ಅಳಿದುಳಿದ ಹಳದಿ ಭಾಗವನ್ನು ಹೊಟ್ಟೆಯೊಳಗೆ ಸೆಳೆದುಕೊಂಡಿರುತ್ತದೆ. ಆ ಬುತ್ತಿ ಎರಡು ಮೂರು ದಿನ ಅದನ್ನು ಕಾಯಬಲ್ಲದು. ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದೂರುಗಳಿಗೆ ಸಾಗಿಸಲು ಸಾಧ್ಯವಾಗಿರುವುದೇ ಇದರಿಂದ. ಹಸಿವಿಲ್ಲದಿದ್ದರೂ ಆ ದಿನಗಳಲ್ಲಿ ಮರಿ ಕಂಡದ್ದನ್ನೆಲ್ಲ ಕುಕ್ಕುತ್ತದೆ: ಕಾಳು, ಕಲ್ಲು, ತನ್ನದೇ ಕಾಲಿನ ಬೆರಳು. ಯಾವುದು ಆಹಾರ, ಯಾವುದು ಅಲ್ಲ ಎಂಬ ವಿವೇಕ ಹುಟ್ಟಿನಿಂದ ಬರುವುದಿಲ್ಲ. ಅದನ್ನು ಕಲಿಸುವವಳು ತಾಯಿ. ಹೇಂಟೆ ನೆಲವನ್ನು ಕೆದರಿ, ಹುಳುವೊಂದನ್ನು ಎತ್ತಿ ಕೆಳಗೆ ಹಾಕಿ, ಕೊಕ್ ಕೊಕ್ ಎಂದು ಕರೆಯುವ ದೃಶ್ಯ ಎಲ್ಲರಿಗೂ ಪರಿಚಿತ. 1996ರಲ್ಲಿ ಇಂಗ್ಲೆಂಡಿನ ನಿಕೋಲ್ ಮತ್ತು ಪೋಪ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿದರು. ಒಂದು ಬಣ್ಣದ ಆಹಾರ ಕಹಿ ಎಂದು ಹೇಂಟೆಗಳಿಗೆ ಮೊದಲು ತಿಳಿಯುವಂತೆ ಮಾಡಿ, ಮರಿಗಳು ಅದೇ ಬಣ್ಣದ್ದನ್ನು ತಿನ್ನುವಂತೆ ತೋರಿಸಿದಾಗ, ಹೇಂಟೆಗಳು ಇನ್ನೂ ಹೆಚ್ಚು ಕೆದರಿ ಕುಕ್ಕಿ ಮರಿಗಳನ್ನು ಒಳ್ಳೆಯ ಆಹಾರದತ್ತ ಸೆಳೆಯಲು ಯತ್ನಿಸಿದವು. ಹಳ್ಳಿಯ ಅಜ್ಜಿಯರಿಗೆ ಇದರಲ್ಲಿ ಹೊಸತೇನೂ ಕಾಣಲಾರದು.

ಯಂತ್ರದ ಕಾವಿನಲ್ಲಿ ಹುಟ್ಟಿದ ಮರಿಗೆ ಈ ತಾಯಿ ಇಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ಗಿರಿರಾಜ, ಅನಂತರ 2005ರಲ್ಲಿ ಬಂದ ಸ್ವರ್ಣಧಾರಾ ತಳಿಗಳ ಮರಿಗಳು ರೈತರ ಕೈಸೇರುವುದು ಹೀಗೆ ತಾಯಿಯಿಲ್ಲದೆಯೇ. ನಗರದ ಬೀದಿಗಳಲ್ಲಿ ಬಣ್ಣ ಬಳಿದು ಮಾರುವ ಮರಿಗಳ ಪಾಡು ಇನ್ನೂ ಕರುಣಾಜನಕ. ಮೊಟ್ಟೆಗಾಗಿ ಸಾಕುವ ತಳಿಗಳಲ್ಲಿ ಬೇಡವಾದ ಗಂಡುಮರಿಗಳು ಹೀಗೆ ಬೀದಿಗೆ ಬರುತ್ತವೆ. ಮಕ್ಕಳು ಕೊಂಡು ತಂದು, ಪ್ರೀತಿಯಿಂದ ಅನ್ನ, ಬಿಸ್ಕತ್ತು, ಉಪ್ಪು ಹಾಕಿದ ಚಿಪ್ಸ್ ತಿನ್ನಿಸುತ್ತಾರೆ. ಕೆಲವೇ ದಿನಗಳಲ್ಲಿ ಮರಿ ಸಾಯುತ್ತದೆ. ಮಕ್ಕಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಮೊದಲು ಬೇಕಾದದ್ದು ಬೆಚ್ಚನೆಯ ಗೂಡು ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಮೊದಲ ವಾರ ಗೂಡಿನಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವಿದ್ದು, ಬಳಿಕ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುವುದು ರೂಢಿ. ಚಳಿಹಿಡಿದ ಮರಿಗೆ ಯಾವ ತುತ್ತೂ ಮೈಗೂಡದು. ಮಲೆನಾಡಿನ ಮಳೆಗಾಲದಲ್ಲಿ ಈ ಮಾತಿಗೆ ಇಮ್ಮಡಿ ತೂಕ.

ಇನ್ನು ಅಂಗಳದ ವಿಚಾರ. ಕೋಳಿಗೆ ಹಲ್ಲಿಲ್ಲ. ದಪ್ಪ ಸ್ನಾಯುಗಳ ಎರಡನೆಯ ಹೊಟ್ಟೆಯಲ್ಲಿ ಸಣ್ಣ ಕಲ್ಲುಗಳೇ ಅದರ ಬೀಸುಕಲ್ಲು. ಪುಡಿಯಾಗಿ ಬರುವ ಮರಿ ಆಹಾರ ನೀರಿನಲ್ಲಿ ಬೇಗ ಕರಗುವುದರಿಂದ ಅದಕ್ಕೆ ಕಲ್ಲಿನ ಹಂಗಿಲ್ಲ. ಕಾಳು, ಸೊಪ್ಪು, ಹುಳು ಯಾವುದನ್ನೇ ಕೊಟ್ಟರೂ ಕಲ್ಲು ಬೇಕು. ಮಣ್ಣಿನ ಅಂಗಳದಲ್ಲಿ ತಾಯಿಯೊಡನೆ ತಿರುಗುವ ಮರಿ ಎರಡನೆಯ ದಿನದಿಂದಲೇ ಮರಳಿನ ಕಣಗಳನ್ನು ನುಂಗಿರುತ್ತದೆ. ಆದುದರಿಂದಲೇ ಅದಕ್ಕೆ ಹುಳುವೂ ಜೀರ್ಣವಾಗುತ್ತದೆ. ಉಲ್ಲಾಳದ ತಾರಸಿಯ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಬೆಳೆಯುವ ಮರಿಗೆ ಆ ಭಾಗ್ಯವಿಲ್ಲ. ಅಲ್ಲಿ ರಾಗಿಕಾಳಿನ ಗಾತ್ರದ, ತೊಳೆದು ಒಣಗಿಸಿದ ಮರಳನ್ನು ಒಂದು ಬಟ್ಟಲಲ್ಲಿ ಇಟ್ಟ ಮೇಲೆಯೇ ಕೈತುತ್ತಿನ ಮಾತು. ಮೊದಲ ವಾರವಿಡೀ ಮರಿ ಆಹಾರ ಮತ್ತು ಶುದ್ಧ ನೀರು ಮಾತ್ರ ಸಾಕು.

ಎಷ್ಟು ಕೊಡಬೇಕು? ಮೊದಲ ವಾರದಲ್ಲಿ ಒಂದು ಮರಿ ದಿನಕ್ಕೆ ತಿನ್ನುವುದು ಸುಮಾರು 10 ಗ್ರಾಂ. ಮುಂದೆ ಅದು ಏರುತ್ತ ಹೋದರೂ ಕೈತುತ್ತು ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು. ಅಂದರೆ ಹತ್ತು ಮರಿಗಳಿಗೆ ಸೇರಿ ಒಂದೆರಡು ಚಮಚ. ಇದು ಜಿಪುಣತನವೆಂದು ಕೆಲವರಿಗೆ ತೋರಬಹುದು. ಲೆಕ್ಕ ಬೇರೆಯೇ ಹೇಳುತ್ತದೆ. ಮರಿ ಆಹಾರದಲ್ಲಿ ಶೇಕಡಾ 20ರಷ್ಟು ಪ್ರೋಟೀನು ಇರುತ್ತದೆ, ರಾಗಿಯಲ್ಲಿ ಸುಮಾರು 7. ಅರ್ಧಕ್ಕರ್ಧ ರಾಗಿ ಬೆರೆಸಿದರೆ ಒಟ್ಟು ಪ್ರಮಾಣ 13.5ಕ್ಕೆ ಇಳಿಯುತ್ತದೆ. ಹೊಟ್ಟೆ ತುಂಬಿರುತ್ತದೆ, ರೆಕ್ಕೆಪುಕ್ಕ ಬಲಿಯುವುದಿಲ್ಲ. ಅಕ್ಕಿನುಚ್ಚಿನದೂ ಇದೇ ಕಥೆ. ಹಾಗೆಂದು ರಾಗಿ ಕೀಳಲ್ಲ. ಧಾನ್ಯಗಳಲ್ಲಿ ಸುಣ್ಣದ ಅಂಶ ಅಷ್ಟಿರುವುದು ಮತ್ತೊಂದಿಲ್ಲ. ಚಿಟಿಕೆಯಷ್ಟು ರಾಗಿ, ಸಣ್ಣಗೆ ಹೆಚ್ಚಿದ ಹರಿವೆ ಅಥವಾ ನುಗ್ಗೆಸೊಪ್ಪು, ಬೇಯಿಸಿ ಪುಡಿಮಾಡಿದ ಮೊಟ್ಟೆ ಇವು ಸಲ್ಲುತ್ತವೆ. ಉದ್ದ ಹುಲ್ಲಿನ ಎಳೆ ಮಾತ್ರ ಬೇಡ. ಕತ್ತಿನ ಬುಡದ ಆಹಾರದ ಚೀಲದಲ್ಲಿ ಅದು ಸಿಂಬಿಯಾಗಿ ಕೂರುತ್ತದೆ. ಬೂಸು ಹಿಡಿದ ಜೋಳ, ಕಡಲೆಕಾಯಿ ಹಿಂಡಿಗಳಲ್ಲಿ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ವಿಷವಿರಬಹುದು. ಹಸಿ ತಿನಿಸು ಉಳಿದರೆ ಅರ್ಧ ಗಂಟೆಯಲ್ಲಿ ತೆಗೆದುಬಿಡಬೇಕು. ನೆಲ ಒದ್ದೆಯಾದಲ್ಲಿ ರಕ್ತಭೇದಿ ತಪ್ಪದು.

ಕೈತುತ್ತುಗಳಲ್ಲೆಲ್ಲ ಶ್ರೇಷ್ಠವಾದುದು ಗೆದ್ದಲು. ಹಳೆಯ ಮಡಕೆಗೆ ಒಣಸಗಣಿ, ಹುಲ್ಲು, ಗೋಣಿಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ನೆಲದ ಮೇಲೆ ಸಂಜೆ ಬೋರಲು ಹಾಕಿದರೆ ಬೆಳಗ್ಗೆ ಮರಿಗಳಿಗೆ ಹಬ್ಬ. ಕಾಸಿನ ಖರ್ಚಿಲ್ಲ, ಮಾಂಸದ ಸತ್ವವಿದೆ. ಬಡಾವಣೆಗಳಲ್ಲಿ ಈ ವಿದ್ಯೆ ನಡೆಯದು. ಅಲ್ಲಿ ಮನೆ ಕಟ್ಟುವಾಗ ತಳಪಾಯದ ಮಣ್ಣಿಗೆ ಗೆದ್ದಲುನಾಶಕ ಸುರಿಯುವುದು ವಾಡಿಕೆ. ಆ ಮಣ್ಣಿನಿಂದ ಎದ್ದ ಹುಳುವನ್ನು ಮರಿಗೆ ಹಾಕಲಾಗದು. ಮಲೆನಾಡಿಗರು ಇಲ್ಲಿ ಹೆಮ್ಮೆಪಡುವ ಮೊದಲು ತಮ್ಮ ತೋಟಗಳನ್ನೊಮ್ಮೆ ನೋಡಿಕೊಳ್ಳುವುದು ಮೇಲು. ಕಳೆನಾಶಕ ಹೊಡೆದ ಕಾಫಿ ತೋಟದ ಸೊಪ್ಪು, ಕೀಟನಾಶಕ ಸುರಿದ ಅಡಕೆ ಬುಡದ ಹುಳು ಉಲ್ಲಾಳದ ತಳಪಾಯದ ಗೆದ್ದಲಿಗಿಂತ ಯಾವ ರೀತಿಯಲ್ಲಿ ಲೇಸು? ಶಾಲೆಯ ವಿದ್ಯಾರ್ಥಿಗಳು ತಮ್ಮ ಮನೆಯ ಸುತ್ತ ಮರಿಗೆ ಧೈರ್ಯವಾಗಿ ಹುಳು ಹೆಕ್ಕಬಹುದಾದ ಜಾಗಗಳೆಷ್ಟು ಎಂದು ಒಂದು ನಕ್ಷೆ ಬರೆದು ನೋಡಬಹುದು.

ಆರು ವಾರ ಕಳೆದು ಮರಿಗಳು ಹೊರಗೆ ತಿರುಗತೊಡಗಿದಾಗ ಕೈತುತ್ತಿಗೆ ಮತ್ತೊಂದು ಕೆಲಸ ಒದಗುತ್ತದೆ. ದಿನವೂ ಒಂದೇ ದನಿಯಲ್ಲಿ ಕರೆದು, ಒಂದೇ ತಟ್ಟೆ ಬಡಿದು, ಒಂದು ಹಿಡಿ ನುಚ್ಚು ಚೆಲ್ಲಿದರೆ ಮರಿಗಳು ಆ ಕರೆಯನ್ನು ವಾರದೊಳಗೆ ಕಲಿಯುತ್ತವೆ. ನಗರದಲ್ಲಿ ಬೀದಿನಾಯಿ, ಗುಡ್ಡದಲ್ಲಿ ಕಾಡುಬೆಕ್ಕು ಹೊರಡುವ ಮುಸ್ಸಂಜೆಗೆ ಮೊದಲೇ ಅವು ಗೂಡು ಸೇರುವುದು ಆ ಹಿಡಿ ನುಚ್ಚಿನ ಆಸೆಗೆ.