ಹದಿನೇಳು ಗಂಟೆಯ ಲೆಕ್ಕ



ಇವತ್ತು ವಿಮಾನದ ಮಾತು. "ನಮಗ್ಯಾಕಪ್ಪಾ ವಿಮಾನ?" ಅಂತ ನಗಬೇಡಿ.

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕನ ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಳು. ಆರು ತಿಂಗಳ ಬಸುರಿ. 2023ರ ಜನವರಿಯಲ್ಲಿ ತವರಿಗೆ ಹೊರಟಳು. ಟಿಕೆಟ್ಟನ್ನು ಅಕ್ಕ ತಾವೇ ಓದಿದರು. ಹೊರಡುವ ತಾರೀಖು ಒಂದು. ತಲುಪುವುದು ಅದರ ಮಾರನೇ ದಿನವೂ ಅಲ್ಲ, ಅದರಾಚೆಯ ದಿನ! "ಬಸುರಿ ಹೆಂಗಸು ಎರಡು ದಿನ ಆಕಾಶದಲ್ಲೇ ಇರ್ತಾಳಾ?" ಅಂದರು. ಅವರಿಗೆ ಊಟ ಸೇರಲಿಲ್ಲ.

ನಾವೆಲ್ಲ ಕೂತು ಲೆಕ್ಕ ಹಾಕಿದೆವು.

ಬೆಂಗಳೂರಿಗೂ ಆ ಊರಿಗೂ ಸುಮಾರು 14,000 ಕಿಲೋಮೀಟರ್. ಬೆಂಗಳೂರಿಂದ ಬೀದರಿಗೆ ಸುಮಾರು 700. ಅಂದರೆ ಬೀದರಿಗೆ ಇಪ್ಪತ್ತು ಸಲ ಹೋದಷ್ಟು ದೂರ. ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿಲೋಮೀಟರ್ ಹಾರುತ್ತದೆ. ಎದುರು ಗಾಳಿ ಇದ್ದರೆ ನಿಧಾನ. ಏರುವುದಕ್ಕೆ, ಇಳಿಯುವುದಕ್ಕೆ ಹೊತ್ತು ಬೇಕು. ಎಲ್ಲಾ ಸೇರಿ ಸುಮಾರು 17 ಗಂಟೆ.

ಹಾಗಾದರೆ ಎರಡು ತಾರೀಖು ಹೇಗೆ ದಾಟಿತು?

ಒಂದು ನಿಜವಾದ ಪ್ರಯಾಣ ಹೇಳುತ್ತೇನೆ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ನಡೆಸಿದವರು ನಾಲ್ವರು ಹೆಂಗಸರು! ಮುಖ್ಯ ಪೈಲಟ್ ಜೋಯಾ ಅಗರ್‌ವಾಲ್. ಉತ್ತರ ಧ್ರುವದ ಕಡೆಯಿಂದ ಹಾರಿ ಬಂದರು. ಅದು ಬರೀ ಮಂಜುಗಡ್ಡೆಯ ಸೀಮೆ. ಅಷ್ಟು ಮೇಲೆ ಯಾಕೆ ಹೋದರು? ಒಂದು ಕುಂಬಳಕಾಯಿ ತಗೊಳ್ಳಿ. ಎದುರು ಬದುರಾಗಿ ಎರಡು ಚುಕ್ಕಿ ಇಡಿ. ನಡುವೆ ದಾರ ಬಿಗಿಯಾಗಿ ಹಿಡಿಯಿರಿ. ದಾರ ಸೊಂಟದ ಸುತ್ತ ಹೋಗೋದಿಲ್ಲ, ತೊಟ್ಟಿನ ಕಡೆಗೇ ಜಾರುತ್ತೆ. ಅದೇ ಹತ್ತಿರದ ದಾರಿ. ಭೂಮಿಯೂ ಗುಂಡಗಿದೆಯಲ್ಲ!

ಅವರು ಹೊರಟಾಗ ಅಲ್ಲಿ ರಾತ್ರಿ ಸುಮಾರು ಎಂಟೂವರೆ. ಅದೇ ಹೊತ್ತಿಗೆ ನಮ್ಮಲ್ಲಿ 10ನೇ ತಾರೀಖು, ಬೆಳಿಗ್ಗೆ ಹತ್ತು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ. (ಬೇಸಿಗೆಗೆ ಅವರು ಗಡಿಯಾರವನ್ನೇ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಆಗ ಹನ್ನೆರಡೂವರೆ. ವಿಚಿತ್ರ ಜನ!) ಬೆಳಿಗ್ಗೆ ಹತ್ತಕ್ಕೆ 17 ಕೂಡಿಸಿ. ಮಾರನೇ ದಿನದ ಬೆಳಗಿನ ಜಾವ ಮೂರು ಗಂಟೆ. ಅಂದರೆ 11ನೇ ತಾರೀಖು. ಆ ಜಾವದಲ್ಲೇ ಅವರು ಬೆಂಗಳೂರಲ್ಲಿ ಇಳಿದರು.

ಕಾಣೆಯಾದ ದಿನ ಗಡಿಯಾರದಲ್ಲಿತ್ತು, ಆಕಾಶದಲ್ಲಿ ಅಲ್ಲ.

ಆದರೂ 17 ಗಂಟೆ ಕೂರುವುದು ಸಣ್ಣ ಮಾತಲ್ಲ. ಒಂದೇ ಕಡೆ ಕೂತರೆ ಕಾಲು ಊದುತ್ತೆ, ರಕ್ತ ಹೆಪ್ಪುಗಟ್ಟಲೂಬಹುದು. ಬಸುರಿಯರಿಗೆ ಆ ಭಯ ಇನ್ನೂ ಜಾಸ್ತಿ. ಡಾಕ್ಟರನ್ನು ಕೇಳಿಯೇ ಹೊರಡಬೇಕು. ಆಗಾಗ ಎದ್ದು ಓಡಾಡಬೇಕು, ನೀರು ಕುಡಿಯಬೇಕು. ಅಕ್ಕ ಇದನ್ನೆಲ್ಲ ತಾವೇ ಬರೆದು, ಪಕ್ಕದ ಮನೆ ಹುಡುಗನ ಫೋನಿಂದ ಚಿತ್ರ ತೆಗೆಸಿ ಮಗಳಿಗೆ ಕಳಿಸಿದರು. ಅಮ್ಮನ ಮೊದಲ ಕಾಗದ ಅದು.

ವಿಮಾನ ಹೊರಟಿತು ಅಂತ ಸುದ್ದಿ ಬಂತು. ಅಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗಂಟೆಗೊಂದು ಗೆರೆ ಎಳೆಯುತ್ತಾ ಕೂತರು. ಹದಿನೈದು ಗೆರೆ ಆದಾಗ ನಿದ್ದೆ ಹತ್ತಿತು.

ಫೋನು ಬಡಿದಾಗ ಇನ್ನೂ ಕತ್ತಲು. "ಅಮ್ಮಾ, ಇಳಿದೆ. ಎಂಟು ಸಲ ಎದ್ದು ಓಡಾಡಿದೆ."