ಬಾಗಿಲಿನ ಆಚೆ ನಡೆದದ್ದು

(ಸಂತ ಅಲೋಶಿಯಸ್ ಗೊನ್ಜಾಗರ ಹಬ್ಬದ ಬಲಿಪೂಜೆಯಲ್ಲಿ ಧರ್ಮಕೇಂದ್ರದ ಯುವ ವೈದ್ಯರ ಪರವಾಗಿ ಆಡಿದ ಮಾತುಗಳು)



ಇಂದು ಜೂನ್ 21, ಯುವಜನರ ಪಾಲಕ ಸಂತರಾದ ಅಲೋಶಿಯಸ್ ಗೊನ್ಜಾಗರ ಹಬ್ಬ. ಕೈಯಲ್ಲಿ ಶಿಲುಬೆ, ಪಕ್ಕದಲ್ಲಿ ಲಿಲ್ಲಿ ಹೂವು, ತಲೆ ಬಾಗಿಸಿ ನಿಂತ ಕೋಮಲ ಹುಡುಗ. ಚಿತ್ರಪಟಗಳಲ್ಲಿ ಇವರನ್ನು ನಾವು ಕಾಣುವುದು ಹೀಗೆ. ನಮ್ಮಂಥ ವೈದ್ಯರಿಗೆ ಇವರ ಬಾಳಿನ ಕೊನೆಯ ತಿಂಗಳುಗಳೇ ಹೆಚ್ಚು ಹತ್ತಿರ. 1591ರಲ್ಲಿ ರೋಮ್ ನಗರದಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಯೇಸುಸಭೆಯ ಈ ವಿದ್ಯಾರ್ಥಿ ರೋಗಿಗಳಿಗಾಗಿ ಬೀದಿಯಲ್ಲಿ ಭಿಕ್ಷೆ ಬೇಡಿದರು, ಬಿದ್ದವರನ್ನು ಹೊತ್ತು ಆಸ್ಪತ್ರೆಗೆ ತಂದರು, ಮೈ ತೊಳೆದರು. ಆ ವಾಸನೆ, ಆ ನೋಟ ಅವರಿಗೆ ಸಹಿಸಲಾಗುತ್ತಿರಲಿಲ್ಲವಂತೆ, ಆದರೂ ಹೋದರು. ಸೋಂಕು ತಗುಲಿ ತೀರಿಕೊಂಡಾಗ ಅವರಿಗೆ 23 ವರ್ಷ.

2020ರ ಮಾರ್ಚಿನಲ್ಲಿ ನಮಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಇದೇ ಧರ್ಮಕೇಂದ್ರದಲ್ಲಿ ಧರ್ಮೋಪದೇಶ ಕಲಿತ ನಾವು ಮೂವರು ಆಗಷ್ಟೇ ಎಂ.ಬಿ.ಬಿ.ಎಸ್. ಮುಗಿಸಿ ಮೂರು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಹೌಸ್ ಸರ್ಜನ್‌ಗಳಾಗಿ ಸೇರಿದ್ದೆವು. ದೇಶದ ಮೊದಲ ಕೊರೊನಾ ಸಾವು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ ಆಗ ತಾನೇ ವರದಿಯಾಗಿತ್ತು. ಮಾರ್ಚ್ 22ರ ಸಂಜೆ ಜನ ನಮಗಾಗಿ ತಟ್ಟೆ ಬಡಿದರು, ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರ್‌ನಿಂದ ಹೂ ಸುರಿಯಿತು. ಇವೆರಡರ ನಡುವೆ, ಏಪ್ರಿಲ್ 22ರಂದು, ವೈದ್ಯರು ದಾದಿಯರ ಮೇಲೆ ಕೈಮಾಡುವವರಿಗೆ ಏಳು ವರ್ಷದವರೆಗೆ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆಯನ್ನೂ ಸರ್ಕಾರ ತರಬೇಕಾಯಿತು! ಇರಲಿ, ಅದನ್ನು ಹೇಳಲು ನಾವು ಇಲ್ಲಿ ನಿಂತಿಲ್ಲ.

ಪ್ರಿಯರೇ, ಆ ವರ್ಷ ನಿಮ್ಮಲ್ಲಿ ಅನೇಕರು ಅಪ್ಪನನ್ನೋ ಅಮ್ಮನನ್ನೋ ಆಸ್ಪತ್ರೆಯ ಬಾಗಿಲವರೆಗೆ ಕರೆತಂದು ಬಿಟ್ಟು ಹೋದಿರಿ. ಅಲ್ಲಿಂದ ಮುಂದೆ ನಿಮಗೆ ಪ್ರವೇಶವಿರಲಿಲ್ಲ. ಒಳಗೆ ಏನಾಯಿತೆಂದು ಹಲವರು ನಮ್ಮನ್ನು ಇಂದಿಗೂ ಕೇಳುತ್ತಾರೆ. ಕೇಳಲಾರದೆ ಸುಮ್ಮನಿರುವವರೂ ಇದ್ದಾರೆ. ಕಂಡಷ್ಟನ್ನು ಹೇಳುತ್ತೇವೆ.

ಮೊದಲಿಗೆ, ನಿಮ್ಮವರಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ. ಬಿಳಿಯ ಕಿಟ್ಟು, ಮುಖಗವಸು, ಮಂಜು ಹಿಡಿದ ಕನ್ನಡಕ. ಎಲ್ಲರೂ ಒಂದೇ ತರಹದ ಬೊಂಬೆಗಳು. ಹಾಗಾಗಿ ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ಓದು ಬಾರದ ಒಬ್ಬ ಅಜ್ಜಿ, "ಯಾರ ಮಗನಪ್ಪಾ ನೀನು? ದನಿ ಕೇಳಿದ್ರೆ ನಮ್ಮ ಮೊಮ್ಮಗನ ಹಂಗೇ ಐತೆ" ಅಂದಿದ್ದರು. ಆಮೇಲೆ ಪ್ರತಿ ಪಾಳಿಯಲ್ಲೂ ನಾವು ಅವರ ಮಂಚದ ಬಳಿ ಸುಮ್ಮನೆ ಹೋಗುತ್ತಿರಲಿಲ್ಲ, ದೂರದಿಂದಲೇ ಮಾತಾಡಿಕೊಂಡು ಹೋಗುತ್ತಿದ್ದೆವು.

"ಬೆಳಿಗ್ಗೆ ಫೋನಿನಲ್ಲಿ ಚೆನ್ನಾಗಿಯೇ ಮಾತಾಡಿದರು, ಸಂಜೆಗೆ ಇಲ್ಲ ಅಂದರು. ನೀವೆಲ್ಲ ಏನು ಮಾಡಿದಿರಿ?" ಇದು ನಾವು ಅತಿ ಹೆಚ್ಚು ಕೇಳಿದ ಪ್ರಶ್ನೆ. ಉಸಿರು ಕಟ್ಟುತ್ತಿದೆ ಎಂದು ನಮಗೆ ಅನ್ನಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಅದು ಏರದೆ, ಆಮ್ಲಜನಕ ಮಾತ್ರ ಇಳಿಯುತ್ತಿತ್ತು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ 94ಕ್ಕಿಂತ ಮೇಲಿರಬೇಕಾದ ಅಂಕಿ 80ಕ್ಕೆ ಬಂದಿದ್ದರೂ ರೋಗಿ ಕಾಫಿ ಕೇಳುತ್ತಿದ್ದರು, ಮನೆಯವರೊಂದಿಗೆ ನಗುತ್ತಿದ್ದರು. ನಿಮ್ಮ ತಂದೆ ನಿಮ್ಮೊಂದಿಗೆ ಮಾತಾಡಿದ್ದು ನಿಜ, ಅವರ ಶ್ವಾಸಕೋಶ ಆಗಲೇ ಸೋಲುತ್ತಿದ್ದದ್ದೂ ನಿಜ. ಆಮ್ಲಜನಕ ಕೊಟ್ಟೆವು, ಬೋರಲು ಮಲಗಿಸಿದೆವು. 2020ರ ಜೂನ್ ತಿಂಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಮದ್ದು ತೀವ್ರ ರೋಗಿಗಳನ್ನು ಉಳಿಸಬಲ್ಲದೆಂದು ತಿಳಿದಾಗ ವಾರ್ಡಿನಲ್ಲಿ ಹಬ್ಬದ ಸಂತೋಷ. ಅದರಿಂದ ಬದುಕಿದವರು ಈ ದೇವಾಲಯದಲ್ಲೂ ಕುಳಿತಿದ್ದಾರೆ. ಎಲ್ಲರೂ ಬದುಕಲಿಲ್ಲ.

2021ರ ಏಪ್ರಿಲ್, ಮೇ ತಿಂಗಳುಗಳ ಬಗ್ಗೆ ಹೆಚ್ಚು ಹೇಳಲಾರೆವು. ಹಾಸಿಗೆಗಿಂತ ರೋಗಿಗಳು ಹೆಚ್ಚು. ಏಪ್ರಿಲ್ 18ಕ್ಕಿದ್ದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಮುಂದೂಡಿ ಸೆಪ್ಟೆಂಬರ್ 11ಕ್ಕೆ ಹೋಯಿತು. ಹೊಸ ವೈದ್ಯರು ಬರಲಿಲ್ಲ, ಇದ್ದವರೇ ದುಡಿದರು. ಒಬ್ಬರಿಗೆ ಎಷ್ಟು ಮಂಚವೆಂದು ಎಣಿಸುವುದನ್ನೇ ಬಿಟ್ಟಿದ್ದೆವು.

ನಿಮ್ಮವರು ಒಂಟಿಯಾಗಿ ಸತ್ತರೇ? ಪ್ರತಿಯೊಬ್ಬರ ಪಕ್ಕದಲ್ಲೂ ಯಾರಾದರೂ ಇದ್ದರೆಂದು ಹೇಳಿದರೆ ಪೀಠದ ಮುಂದೆ ನಿಂತು ಸುಳ್ಳಾಡಿದಂತಾಗುತ್ತದೆ. ಅನೇಕರ ಪಕ್ಕದಲ್ಲಿ ಇದ್ದರು. ಹೆಚ್ಚಾಗಿ ಇದ್ದವರು ನಾವಲ್ಲ, ದಾದಿಯರು ಮತ್ತು ಆಯಾಗಳು. ಕ್ರೈಸ್ತಳಲ್ಲದ ಒಬ್ಬ ಆಯಾ ನಮಗೆ ಗೊತ್ತು. ಜಪಸರ ಎಣಿಸಲು ಆಕೆಗೆ ಬರದು. ರೋಗಿಯ ದಿಂಬಿನ ಕೆಳಗೆ ಸರ ಸಿಕ್ಕಿದರೆ ಅದನ್ನು ಅವರ ಬೆರಳಿಗೆ ಸುತ್ತಿ, ಆ ಕೈಯನ್ನು ತನ್ನ ಎರಡು ಜೊತೆ ಗ್ಲೌಸಿನ ಕೈಯಲ್ಲಿ ಹಿಡಿದು ಕೂರುತ್ತಿದ್ದಳು. ನಾವು ಪಕ್ಕದಲ್ಲಿದ್ದರೆ, "ನಿಮ್ಮ ಪ್ರಾರ್ಥನೆ ಹೇಳಿ ಡಾಕ್ಟ್ರೇ" ಎನ್ನುತ್ತಿದ್ದಳು. ನಮೋ ಮರಿಯಾ ಹೇಳುತ್ತಿದ್ದೆವು. ಶಿಲುಬೆಯ ಬುಡದಲ್ಲಿ ನಿಂತ ಮಾತೆಯ ಕೈಯಲ್ಲೂ ಮದ್ದು ಇರಲಿಲ್ಲ.

ಗುರುಗಳನ್ನು ಕರೆಸಲಾಗಲಿಲ್ಲ, ರೋಗಿಗಳ ಅಭ್ಯಂಗ ಸಂಸ್ಕಾರವಿಲ್ಲದೆ ಹೋದರು ಎಂಬ ನೋವು ಕೆಲವು ಮನೆಗಳಲ್ಲಿ ಇಂದಿಗೂ ಆರಿಲ್ಲ. 2020ರ ಮಾರ್ಚ್ 20ರಂದು ವ್ಯಾಟಿಕನ್ ಪ್ರಕಟಿಸಿದ ಆಜ್ಞಾಪತ್ರ ಇಂಥವರಿಗಾಗಿಯೇ ಬಂತು. ಸಂಸ್ಕಾರ ಪಡೆಯಲಾಗದೆ ಸಾಯುವ ರೋಗಿ ತಕ್ಕ ಮನಸ್ಥಿತಿಯಲ್ಲಿದ್ದು, ಬಾಳಿನಲ್ಲಿ ಪ್ರಾರ್ಥನೆಯ ರೂಢಿ ಇಟ್ಟುಕೊಂಡಿದ್ದರೆ, ಪಾಪದಂಡದಿಂದ ಪೂರ್ಣ ವಿಮೋಚನೆ ಅವರಿಗುಂಟು. ಉಳಿದ ಷರತ್ತುಗಳನ್ನು ಧರ್ಮಸಭೆಯೇ ತುಂಬಿಕೊಡುತ್ತದೆ ಎಂದು ಅದರಲ್ಲಿದೆ. ದಿನವೂ ಮನೆಯಲ್ಲಿ ಜಪಸರ ಮಾಡುತ್ತಿದ್ದ ನಿಮ್ಮ ಅಮ್ಮನನ್ನು ನೆನೆದು ಇದನ್ನು ಕೇಳಿಸಿಕೊಳ್ಳಿ.

ಇನ್ನು ಸಮಾಧಿ. ಚೀಲದಲ್ಲಿ ಸುತ್ತಿ, ಮುಟ್ಟಲು ಬಿಡದೆ, ಅವಸರದಲ್ಲಿ ಮಣ್ಣು ಮಾಡಿದ್ದು. ಮುಖ ನೋಡಲು, ದೂರದಿಂದ ತೀರ್ಥ ಚಿಮುಕಿಸಲು, ಪವಿತ್ರ ಗ್ರಂಥ ಓದಲು ಕೇಂದ್ರ ಸರ್ಕಾರದ ಸೂಚನೆಯಲ್ಲೇ ಅವಕಾಶವಿತ್ತು. ಎಷ್ಟೋ ಕಡೆ ಭಯದಿಂದ ಅದೂ ನಡೆಯಲಿಲ್ಲ. ಆದರೆ ಸಂತ ಮಾರ್ಕರ ಶುಭಸಂದೇಶ ತೆರೆದು ನೋಡಿ: ಪ್ರಭುವಿನ ದೇಹವನ್ನೂ ಸಬ್ಬತ್ ಬರುವ ಮೊದಲು ಅವಸರದಲ್ಲೇ ಸಮಾಧಿಗಿಟ್ಟರು. ಆಗಬೇಕಾದ ಲೇಪನ ಬಾಕಿ ಉಳಿದಿತ್ತು. ಅದನ್ನು ಪೂರೈಸಲೆಂದೇ ಆ ಹೆಂಗಸರು ಭಾನುವಾರ ನಸುಕಿನಲ್ಲಿ ಸುಗಂಧದ್ರವ್ಯ ಹಿಡಿದು ಹೊರಟದ್ದು.

ಅಲೋಶಿಯಸ್ ಕಾಯಿಲೆ ಬಿದ್ದಾಗ ತಾಯಿ ಹತ್ತಿರವಿರಲಿಲ್ಲ. ಸಾಯುವ ಕೆಲವೇ ದಿನಗಳ ಮುಂಚೆ ಆಕೆಗೊಂದು ಪತ್ರ ಬರೆದರು. ಗುರುಗಳು ಇಂದಿನ ಹಬ್ಬದ ದೈನಂದಿನ ಪ್ರಾರ್ಥನೆಯಲ್ಲಿ ಓದುವುದು ಅದನ್ನೇ. ಮಗನನ್ನು ಕೊನೆಗಾಲದಲ್ಲಿ ನೋಡಲಾಗದ ತಾಯಿಯ ಕೈಗೆ ಸಿಕ್ಕಿದ್ದು ಆ ಕಾಗದ. ನಿಮ್ಮವರು ಕಾಗದ ಬರೆಯುವ ಸ್ಥಿತಿಯಲ್ಲಿರಲಿಲ್ಲ. ಆದರೆ ಕೆಲವರು ನಮ್ಮ ಬಳಿ ಮಾತು ಬಿಟ್ಟು ಹೋಗಿದ್ದಾರೆ: ಚಿಕ್ಕವಳ ಶಾಲೆ ನಿಲ್ಲಿಸಬೇಡಿ, ಹಸು ಮಾರಬೇಡಿ, ಅಣ್ಣತಮ್ಮಂದಿರು ಜಗಳವಾಡಬೇಡಿ. ಅಂದಂದೇ ಫೋನು ಮಾಡಿ ತಿಳಿಸಿದ್ದೇವೆ. ಫೋನು ಸಿಗದೆ ಉಳಿದ ಕೆಲವು ಮಾತುಗಳು ನಮ್ಮ ಪುಸ್ತಕದಲ್ಲಿ ಇನ್ನೂ ಇವೆ.

ಪೂಜೆಯ ನಂತರ ಧರ್ಮಕೇಂದ್ರದ ಸಭಾಂಗಣದಲ್ಲಿ ಕಾಫಿ ಇದೆ. ನಾವು ಮೂವರೂ ಸಂಜೆಯವರೆಗೆ ಅಲ್ಲಿಯೇ ಇರುತ್ತೇವೆ, ಪುಸ್ತಕವನ್ನೂ ತಂದಿದ್ದೇವೆ. ಆಸ್ಪತ್ರೆಯ ಹೆಸರು, ತಾರೀಕು ನೆನಪಿದ್ದರೆ ಸಾಕು, ಬನ್ನಿ.